ದೇವರ ಗೂಡಿನ ಹವಳದ ಕಲ್ಲು

ಗುರುವಾರ ಮಧ್ಯಾಹ್ನ ದೇವರ ಸಾಮಾನು ತೊಳೆಯುತ್ತಿದ್ದೆ. ಕೈತುಂಬಾ ಹುಣಸೆಹಣ್ಣಿನ ಹುಳಿ ವಾಸನೆ. ದೀಪದ ಕಂಬಗಳ ಪಕ್ಕದಲ್ಲಿ ಆ ಬಿಳಿ ಹವಳದ ಕಲ್ಲೂ ಇತ್ತು. ಅಂಗೈಯಗಲ, ಮೈಯೆಲ್ಲ ಸಣ್ಣ ಸಣ್ಣ ತೂತು. ಅಷ್ಟರಲ್ಲಿ ಎದುರುಮನೆ ಅಕ್ಕನ ಮಗಳು ಆಸ್ಪತ್ರೆಯಿಂದ ಫೋನ್ ಮಾಡಿದಳು. ಅಮ್ಮ ಹೋಗ್ಬಿಟ್ಳು, ಸಂಜೆಗೆ ಕರ್ಕೊಂಡು ಬರ್ತೀವಿ ಅಂದಳು. ನಿದ್ದೆಯಲ್ಲೇ ಹೋದಳಂತೆ. ಅಷ್ಟಾದರೂ ದೇವರು ನಡೆಸಿಕೊಟ್ಟ.

ಅಕ್ಕ ನಮ್ಮ ವಿಜಯಪುರದಲ್ಲಿ ಇಪ್ಪತ್ತೈದು ವರ್ಷ ರೇಷ್ಮೆ ನೂಲು ತೆಗೆದವಳು. ಬಿಸಿನೀರಿನಲ್ಲಿ ಗೂಡು ಬೇಯಿಸಿ ಬೇಯಿಸಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಆ ಹಬೆ ಎದೆಗೂ ಇಳಿದಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ...

ಐದು ವರ್ಷದ ಹಿಂದೆ ಬೀದಿಯ ಹೆಂಗಸರೆಲ್ಲ ಮುರುಡೇಶ್ವರಕ್ಕೆ ಹೋಗಿದ್ದೆವು. ದರ್ಶನವಾದ ಮೇಲೆ, ನೇತ್ರಾಣಿ ದ್ವೀಪಕ್ಕೆ ದೋಣಿ ಹೋಗುತ್ತೆ, ಅಲ್ಲಿ ನೀರಿಗೆ ಮುಖವಿಟ್ಟು ಮೀನು ನೋಡಬಹುದು ಅಂತ ಯಾರೋ ಹೇಳಿದರು. ಅಕ್ಕ ಹಟ ಹಿಡಿದಳು. ಉಬ್ಬಸದ ವಿಷಯ ಅಲ್ಲಿ ಬಾಯಿಬಿಡಬೇಡ ಅಂತ ನನಗೆ ಮೊದಲೇ ತಾಕೀತು. ತನ್ನ ಮಗಳ ಚೂಡಿದಾರ, ಅದರ ಮೇಲೆ ತೇಲುವ ಜಾಕೆಟ್, ಕಣ್ಣಿಗೆ ಗಾಜು, ಬಾಯಿಗೆ ಕೊಳವೆ. ದೋಣಿಯವನ ಕೈ ಹಿಡಿದು ಇಳಿದೇಬಿಟ್ಟಳು. ನಾನು ವಾಂತಿ ತಡೆದುಕೊಂಡು ಶಿವನಾಮ ಹೇಳುತ್ತಾ ದೋಣಿಯಲ್ಲೇ ಕೂತಿದ್ದೆ.

ತಲೆ ಎತ್ತಿದವಳೇ ಹೇಳಿದ್ದು: "ಲೇ, ಕೆಳಗಡೆ ಒಂದು ಊರೇ ಐತೆ ಕಣೇ. ಯಾರೂ ಯಾರ ಮೇಲೂ ಕೂಗಾಡಲ್ಲ."

ದಾರಿಯುದ್ದಕ್ಕೂ ಅದೇ ಮಾತು. ಜಿಂಕೆ ಕೊಂಬಿನಂಥ ಹವಳ, ಹಳದಿ ಪಟ್ಟೆಯ ಮೀನು, ತನ್ನ ಪಾಡಿಗೆ ತಾನು ಹೋದ ಆಮೆ. ಗಿಳಿಹಸಿರು ಮೀನೊಂದು ಹವಳ ಕಡಿಯುವ ಕಟಕಟ ಸದ್ದೂ ಕೇಳಿಸಿತಂತೆ. ಆ ಕೊಳವೆಯಲ್ಲಿ ಎಷ್ಟೋ ವರ್ಷದ ಮೇಲೆ ಉಸಿರು ಸಲೀಸಾಗಿ ಆಡಿತಂತೆ.

ದ್ವೀಪದಿಂದ ದೋಣಿ ಹೊರಡುವಾಗ ಲಂಗರಿನ ಹಗ್ಗಕ್ಕೆ ಸಿಕ್ಕಿ ಈ ಕಲ್ಲು ಮೇಲೆ ಬಂತು. ಸತ್ತ ಹವಳವಾದರೂ ಸಣ್ಣ ಜೀವಗಳು ಅದರಲ್ಲಿ ಮನೆ ಮಾಡಿರುತ್ತವೆ, ನೀರಿಗೆ ಹಾಕಿಬಿಡಿ ಅಂದ ದೋಣಿಯವನು. ಅವನು ಆ ಕಡೆ ತಿರುಗಿದಾಗ ನಾನು ಸೆರಗಿನಲ್ಲಿ ಸುತ್ತಿಕೊಂಡೆ. ಶಿವನ ಕಡಲಿಂದ ತಾನಾಗಿ ಬಂದದ್ದು, ಪ್ರಸಾದ ಅಂದುಕೊಂಡೆ. ಊರಿಗೆ ಬಂದ ಮಾರನೇ ದಿನ ದೇವರ ಗೂಡಿನಲ್ಲಿ, ಆ ಕಲ್ಲಿನ ಪಕ್ಕ, ಕಡಲೆಕಾಳಿನಷ್ಟು ಏಡಿಯೊಂದು ಸತ್ತು ಬಿದ್ದಿತ್ತು.

ಅಕ್ಕನಿಗೊಬ್ಬಳಿಗೇ ಹೇಳಿದೆ. ಅವಳು ತನ್ನ ಬೆರಳ ತುದಿಗಳನ್ನು ನೋಡಿಕೊಂಡಳು.

"ನಾನಾದ್ರೆ ಹೊಟ್ಟೆಪಾಡಿಗೆ ಅಷ್ಟು ಜೀವ ಬೇಯಿಸ್ದೆ. ನಿಂಗೇನಾಗಿತ್ತೇ? ತಗೊಂಡೋಗಿ ಅಲ್ಲೇ ಬಿಟ್ಬರಣ. ನಾನೂ ಬರ್ತೀನಿ."

ಹೋಗೋಣ ಅಂದೆ. ಒಂದು ವರ್ಷ ನನ್ನ ಮಗಳ ಬಾಣಂತನ, ಒಂದು ವರ್ಷ ನನ್ನ ಮಂಡಿನೋವು... ಕುಂಕುಮ ಇಟ್ಟು ಪೂಜೆ ಮಾಡುತ್ತಾ ಇದ್ದುಬಿಟ್ಟೆ. ಹೋದ ವಾರ ಆಸ್ಪತ್ರೆಯಲ್ಲಿ ಅವಳ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ನನ್ನನ್ನು ಕಂಡು ಮಾಸ್ಕ್ ಮುಟ್ಟಿ ತೋರಿಸಿದಳು, ಅಂಗೈಯನ್ನು ಮೀನಿನ ಹಾಗೆ ಆಡಿಸಿದಳು. ಕಾರ್ತಿಕಕ್ಕೆ ಹೋಗೋಣ ಅಕ್ಕ ಅಂದೆ. ನಕ್ಕಳು. ನನ್ನ ಇಂಥ ಕಾರ್ತಿಕಗಳು ಎಷ್ಟು ಬಂದು ಹೋಗಿವೆ ಅಂತ ಅವಳಿಗೆ ಗೊತ್ತಿತ್ತು.

ಕಲ್ಲಿನ ಕುಂಕುಮ ತೊಳೆದೆ. ಮತ್ತೆ ದೇವರ ಗೂಡಿನಲ್ಲಿ ಇಡಲು ಕೈ ಬರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಪ್ರಯಾಣದ ಚೀಲದೊಳಗಿಟ್ಟೆ. ನಾನೊಬ್ಬಳೇ ಹೋಗಿ ಬಿಟ್ಟು ಬರಬಹುದು. ಅದು ಕೆಳಗೆ ಎಲ್ಲಿ ಹೋಗಿ ಕೂತಿತು ಅಂತ ಮುಖವಿಟ್ಟು ನೋಡಿ ಹೇಳುವವಳು ಇಲ್ಲ...

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅವರಿಗೆ ಅನ್ನ, ಸಾರು ನಮ್ಮ ಮನೆಯಿಂದಲೇ ಹೋಗಬೇಕು. ಕೈಯ ಹುಳಿ ತೊಳೆದುಕೊಂಡು ಅಕ್ಕಿ ಆರಿಸಲು ಕೂತೆ.