ಗಾದಿಗೆ ಕೂತವರು ಮಣ್ಣಿಗೆ ಹೋಗುವುದಿಲ್ಲ

ನನ್ನ ಅಪ್ಪನನ್ನು ಎರಡು ಸಲ ಗಾದಿಯಿಂದ ಇಳಿಸಿದರು.

ಮೊದಲನೇ ಸಲ ಇಳಿಸಿದ್ದು ಸರಕಾರ. ಆಗ ಅಪ್ಪನಿಗೆ ಹನ್ನೊಂದು ವರ್ಷ, ಗಾದಿಗೆ ಕೂತು ಎರಡು ವರ್ಷವಾಗಿತ್ತು. ಬಿಜಾಪುರದ ಕಡೆಯ ಹದಿನೇಳು ಹಳ್ಳಿಗಳ ಸಂಸ್ಥಾನ. ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದು, ಅಪ್ಪನ ಅಜ್ಜಿಯಿಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಊಟ ಮಾಡಿ ಹೋದನಂತೆ. ಅಪ್ಪನಿಗೆ ನೆನಪಿದ್ದದ್ದು ಜೀಪು ಮಾತ್ರ. ಅವನು ಜೀಪು ನೋಡಿದ್ದು ಅದೇ ಮೊದಲು.

ಹಳ್ಳಿಗಳು ಹೋದ ಮೇಲೂ ನಮ್ಮ ವಾಡೆಯಲ್ಲಿ ಗಾದಿ ಉಳಿಯಿತು. ಗಾದಿ ಎಂದರೆ ಒಂದು ಹತ್ತಿಯ ಹಾಸಿಗೆ, ಅದಕ್ಕೆ ಹಸಿರು ಮಖಮಲ್ಲಿನ ಹೊದಿಕೆ, ಒರಗಿಕೊಳ್ಳಲು ಒಂದು ಲೋಡು. ದಸರೆಯ ದಿನ ಅದರ ಮೇಲೆ ಕೂತವನಿಗೆ ಊರವರು ಬಂದು ಕೈಮುಗಿಯುತ್ತಾರೆ. ಅಷ್ಟೇ. ಎರಡನೇ ಸಲ ಅಪ್ಪನನ್ನು ಇಳಿಸಿದ್ದು ಈ ಹಾಸಿಗೆಯಿಂದ. ಇಳಿಸಿದವರು ಮನೆಯ ಹಿರಿಯರು. ತಾಲೂಕು ಆಸ್ಪತ್ರೆಯ ಕಂಪೌಂಡರನ ಮಗಳನ್ನು ಮದುವೆಯಾದದ್ದು ಅಪ್ಪ ಮಾಡಿದ ತಪ್ಪು. ಆ ಮಗಳೇ ನನ್ನ ಅವ್ವ. ಹಿರಿಯರು ಅಪ್ಪನ ಎದುರಿಗೇ ಹಾಸಿಗೆ ಸುತ್ತಿ ಇಟ್ಟರು. ಅವನು ಹೊರಗೆ ಹೋದ ಮೇಲೆ ಮತ್ತೆ ಬಿಚ್ಚಿ ಹಾಸಿ ಅವನ ತಮ್ಮನನ್ನು ಕೂರಿಸಿದರು. ಹೊರಡುವಾಗ ಅಪ್ಪ ಲೋಡನ್ನು ಬಗಲಲ್ಲಿ ಇಟ್ಟುಕೊಂಡ. ಯಾರೂ ತಡೆಯಲಿಲ್ಲ. "ಬಸ್ಸಿನ್ಯಾಗ ತಲಿ ಇಡಾಕ ಅನುಕೂಲ ಆತು" ಎಂದು ಅವ್ವ ಹೇಳುತ್ತಿದ್ದಳು.

ಅವ್ವನ ಅಣ್ಣ ಮದ್ರಾಸಿನಲ್ಲಿ ರೈಲ್ವೆ ನೌಕರ. ಹಾಗಾಗಿ ಇವರೂ ಮದ್ರಾಸಿಗೆ ಬಂದರು. ಅಪ್ಪನಿಗೆ ಗಿಂಡಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬಂದವರ ಕಾರ್ಡು ನೋಡುವುದು, ತಡವಾಗಿ ಬಂದವರ ಹೆಸರು ಬರೆದಿಡುವುದು. ಮೂವತ್ತೆರಡು ವರ್ಷ ಅದನ್ನೇ ಮಾಡಿದ. ವೆಸ್ಟ್ ಮಾಂಬಲಂನಲ್ಲಿ ಸ್ಟೇಷನ್ನಿಗೆ ಹತ್ತಿರ ಎರಡು ಕೋಣೆಯ ಮನೆ. ಅಲ್ಲಿನ ಹಾಸಿಗೆ ಅಂಗಡಿಯಲ್ಲಿ ಬೂರುಗದ ಹತ್ತಿ ತುಂಬಿಸಿ ಒಂದು ಗಾದಿ ಮಾಡಿಸಿ, ಹಾಲ್‌ನಲ್ಲಿ ಗೋಡೆಗೆ ಹಾಕಿ, ಊರಿನಿಂದ ತಂದ ಲೋಡನ್ನು ಅದಕ್ಕೆ ಇಟ್ಟ. ಅಪ್ಪನ ಪ್ರಕಾರ ನಿಜವಾದ ಗಾದಿ ಇದು. ಊರಲ್ಲಿರುವುದರ ಮೇಲೆ ಕೂತವನನ್ನು ಅವನು ಹೆಸರಿನಿಂದ ಕರೆಯುತ್ತಿರಲಿಲ್ಲ, ತಮ್ಮ ಎಂದೂ ಅನ್ನುತ್ತಿರಲಿಲ್ಲ. "ಆ ಹುಡುಗ" ಅನ್ನುತ್ತಿದ್ದ. ಆ ಹುಡುಗನಿಗೆ ಎಂಬತ್ತು ದಾಟಿದ ಮೇಲೂ ಹಾಗೇ ಅನ್ನುತ್ತಿದ್ದ.

ನಾನು ಹುಟ್ಟಿದ್ದು ಈ ಮನೆಗೆ. ಅಪ್ಪ ನನ್ನನ್ನು "ಬಾಯಿಸಾಬ" ಎಂದು ಕರೆಯುತ್ತಿದ್ದ, ಬಹುವಚನದಲ್ಲೇ ಮಾತಾಡುತ್ತಿದ್ದ, ಕನ್ನಡಕ ಹುಡುಕಿ ಕೊಡಲು ಹೇಳುವಾಗಲೂ. ದೊರೆಯ ಮನೆಯ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತಾರೆ. ಕೇರಿಯ ಹುಡುಗಿಯರು ಅದು ನನ್ನ ಹೆಸರೆಂದೇ ತಿಳಿದಿದ್ದರು. ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಅಪ್ಪ "ದೊರೆ" ಎಂದು ಬರೆದಿದ್ದ. ಅವ್ವ ಅದನ್ನು ಹೊಡೆದುಹಾಕಿ ಟೈಮ್ ಕೀಪರ್ ಎಂದು ಬರೆದಳು. ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಕಲಿತೆ. ಕನ್ನಡ ಅಕ್ಷರಗಳನ್ನು ಅಪ್ಪ ಭಾನುವಾರಗಳಲ್ಲಿ ಗಾದಿಯ ಮೇಲೆ ಕೂತು ಕಲಿಸಿದ. ನನಗೆ ಬರುವ ಕನ್ನಡ ಅಷ್ಟೇ.

ನೀರಿನ ಲಾರಿ ಬರುವ ಕಾಲದಲ್ಲಿ ಅವ್ವ ನನ್ನನ್ನು ಸಾಲಿಗೆ ಕಳಿಸಲು ಹೊರಟರೆ ಅಪ್ಪ ಅಡ್ಡ ಬರುತ್ತಿದ್ದ.

"ನಮ್ಮ ಮನಿ ಹೆಣ್ಣುಮಕ್ಕಳು ಬೀದ್ಯಾಗ ನಿಂದ್ರಂಗಿಲ್ಲ."

"ಹಂಗಾರ ನೀವ ನಿಂದ್ರಿ, ದೊರಿಗಳ" ಅನ್ನುತ್ತಿದ್ದಳು ಅವ್ವ. "ಎರಡು ಬಿಂದಗಿ ತೊಗೊಂಡು ಲಗೂನ ಇಳೀರಿ. ಲಾರಿ ಏನು ನಿಮ್ಮ ಆನಿ ಅಲ್ಲ, ಕಾಯಾಕ."

ಅಪ್ಪ ಇಳಿಯುತ್ತಿದ್ದ. ಬಿಂದಿಗೆಗಳನ್ನು ಸಾಲಿನಲ್ಲಿ ಇಟ್ಟು, ತಾನು ಪಕ್ಕಕ್ಕೆ ನಿಂತು, ಕೈ ಹಿಂದೆ ಕಟ್ಟಿಕೊಂಡು ಎಲ್ಲರನ್ನೂ ನೋಡುತ್ತಿದ್ದ. ಅವನು ನೀರಿನ ಇಲಾಖೆಯವನೆಂದು ತಿಳಿದು ಕೆಲವರು ಅವನ ಹತ್ತಿರ ದೂರು ಹೇಳುತ್ತಿದ್ದರು. ಅವನು ಕೇಳಿಸಿಕೊಂಡು, ವಿಚಾರಿಸುತ್ತೇನೆ ಅನ್ನುತ್ತಿದ್ದ.

ನನಗೆ ಮದುವೆಯಾಗಲಿಲ್ಲ. ಅಪ್ಪ ಗಾದಿಯಿರುವ ಮನೆತನವೇ ಬೇಕು ಅನ್ನುತ್ತಿದ್ದ. ಗಾದಿಯಿರುವ ಮನೆತನದವರು ಬಂದು ನಿಮ್ಮ ಗಾದಿ ಎಲ್ಲಿದೆ ಎಂದು ಕೇಳುತ್ತಿದ್ದರು. ಅಪ್ಪ ಹಾಲ್‌ನ ಗೋಡೆ ತೋರಿಸುತ್ತಿದ್ದ. ಅವರು ಕಾಫಿ ಕುಡಿದು ಹೋಗುತ್ತಿದ್ದರು. ನಾನು ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಅವ್ವ ಹೋಗಿ ಹನ್ನೆರಡು ವರ್ಷವಾಯಿತು. ಆಮೇಲೆ ಮನೆಯಲ್ಲಿ ಅಪ್ಪ, ನಾನು, ಇಬ್ಬರೇ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಗಾದಿಗೆ ಕೂತವನು ತೀರಿಕೊಂಡರೆ ಅವನ ದೇಹ ಹೊಸ್ತಿಲು ದಾಟುವ ಮೊದಲು ಮುಂದಿನವರು ಗಾದಿಗೆ ಕೂರಬೇಕು. ಅದು ಒಂದು ಗಳಿಗೆಯೂ ಖಾಲಿ ಇರಬಾರದು. ಹಾಗೆ ಕೂತವರು ಅಳುವಂತಿಲ್ಲ, ಹೆಣದ ಹಿಂದೆ ಹೋಗುವಂತಿಲ್ಲ, ಗುಣಿಗೆ ಮಣ್ಣು ಹಾಕುವಂತಿಲ್ಲ. ಮಣ್ಣಿಗೆ ಹೋದವರು ಸ್ನಾನ ಮಾಡಿ ಬರುವ ತನಕ ಕೂತಲ್ಲೇ ಕೂತಿರಬೇಕು. ಆಮೇಲೂ ಯಾವ ಹೆಣದ ಮುಖವನ್ನೂ ನೋಡುವಂತಿಲ್ಲ.

ತೀರಿಕೊಳ್ಳುವ ಮೂರು ದಿನ ಮೊದಲು ಅಪ್ಪ ಈ ಮಾತು ತೆಗೆದ. ನಾನು ಅವನಿಗೆ ಮಾತ್ರೆ ನುಂಗಿಸುತ್ತಿದ್ದೆ.

"ಬಾಯಿಸಾಬ, ಗಾದಿ ಖಾಲಿ ಇಡಬ್ಯಾಡ್ರಿ. ನೀವ ಕುಂದರ್ರಿ."

"ಹೂಂ."

"ಹೂಂ ಅಲ್ಲ. ಆತು ಅನ್ರಿ."

"ಆತು. ನೀರು ಕುಡಿ."

ಮಾತ್ರೆ ಒಳಗೆ ಹೋಗುವುದಾದರೆ ಆಗ ನಾನು ಯಾವುದಕ್ಕೂ ಆತು ಅನ್ನುತ್ತಿದ್ದೆ. ಆದರೂ ಅಂದದ್ದು ಅಂದದ್ದೇ.

ಮಂಗಳವಾರ ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದಾಗ ಅಪ್ಪ ಇರಲಿಲ್ಲ. ಮಲಗಿದ್ದ, ಆದರೆ ಇರಲಿಲ್ಲ. ಮೇಲಿನ ಮನೆಯ ಮಾಮಿ ಬಂದಳು, ಅವಳ ಗಂಡ ಡಾಕ್ಟರನ್ನು ಕರೆತಂದ. ಒಂಬತ್ತಕ್ಕೆ ಅಯ್ಯನವರು ಬಂದರು. ಅವರು ಬ್ಯಾಂಕಿನಿಂದ ನಿವೃತ್ತರಾದವರು, ನಮ್ಮ ಕಡೆಯವರು. ಚೆನ್ನೈಯಲ್ಲಿರುವ ನಮ್ಮ ಜನರ ಹುಟ್ಟು ಸಾವಿನ ಕಾರ್ಯವನ್ನೆಲ್ಲ ಅವರೇ ಮಾಡಿಸುವುದು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅಪ್ಪನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು ಕೂರಿಸಲು ಖಾಲಿ ಗೋಡೆ ನೋಡಿದರೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ, ಗಾದಿ ಇದ್ದ ಗೋಡೆ. ಗಾದಿಯನ್ನು ಎಳೆದು ವಾಷಿಂಗ್ ಮೆಷಿನ್ ಪಕ್ಕಕ್ಕೆ ಹಾಕಿದೆವು.

ಅಯ್ಯನವರು ಕೈ ಒರೆಸಿಕೊಂಡು ಕೇಳಿದರು. "ಮೂರಕ್ಕ ಗುಣಿ ಹೇಳೇನಿ. ಗಾದಿಗೆ ಯಾರು?"

ಅವರಿಗೆ ಪದ್ಧತಿ ಗೊತ್ತಿತ್ತು. ಮೂವತ್ತು ವರ್ಷ ಪ್ರತಿ ಹಬ್ಬದ ಊಟದಲ್ಲಿ ಅಪ್ಪ ಅದನ್ನು ಹೇಳಿದ್ದ.

"ನಾನ ಕುಂದರಬೇಕು" ಅಂದೆ.

"ಹತ್ತು ಮಿನಿಟಿನ ಕೆಲಸ. ನಾನೂ ಮ್ಯಾಲಿನ ಮನಿ ಮಾಮಾನೂ ಕೈ ಮುಗೀತೀವಿ, ಮುಗೀತು. ಆಮ್ಯಾಲೆ ನಾವು ಹೋಗಿ ಬರತೀವಿ, ನೀವು ಇಲ್ಲೇ ಇರ್ರಿ."

ನಾವು ಎಂದರೆ ಅಯ್ಯನವರು, ಮಾಮಿಯ ಗಂಡ, ಕಟ್ಟಡದ ಸೆಕ್ರೆಟರಿ, ವ್ಯಾನಿನ ಡ್ರೈವರ್. ನಾನು ಹೋಗದಿದ್ದರೆ ಅಪ್ಪನ ಮಣ್ಣಿಗೆ ಅಪ್ಪನವರು ಎಂದು ಒಬ್ಬರೂ ಇರುವುದಿಲ್ಲ. ಅವನು ಬಾತ್‌ರೂಮಿಗೆ ಹೋಗುವಾಗಲೂ ನಾನು ಕೈ ಹಿಡಿದುಕೊಂಡೇ ಹೋಗುತ್ತಿದ್ದೆ.

"ಕುಂತು, ಆಮ್ಯಾಲೆ ಎದ್ದು ಬಂದ್ರ?"

"ಎದ್ರ ಖಾಲಿ ಆತಲ್ರಿ."

ಮಾಮಿಗೆ ತಮಿಳಿನಲ್ಲಿ ವಿಷಯ ಹೇಳಿದೆ. ಅವರ ಜನರಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದೇ ಇಲ್ಲ. ಆದರೂ ಅವಳು ಗಾದಿಯನ್ನೊಮ್ಮೆ ನೋಡಿ, "ಬೇಕಾದರೆ ನಾನು ಕೂತಿರುತ್ತೇನೆ. ನೀನು ಅಪ್ಪನ ಜೊತೆ ಹೋಗಿಬಾ. ಎರಡು ಗಂಟೆಯ ಕೆಲಸ ತಾನೇ?" ಅಂದಳು. ಅಯ್ಯನವರು ಸ್ವಲ್ಪ ಹೊತ್ತು ಇದನ್ನು ನಿಜವಾಗಿಯೂ ಯೋಚಿಸಿದರು. ಆಮೇಲೆ ಆಗುವುದಿಲ್ಲ ಅಂದರು.

ಹನ್ನೊಂದೂವರೆಗೆ ನಾನು ಊರಿಗೆ, ಕಾಕಾನಿಗೆ, ಫೋನು ಮಾಡಿದೆ. ಅವನೇ ಆ ಹುಡುಗ. ಅವ್ವ ಸತ್ತಾಗ ಅವನು ಒಂದು ಸಲ ಫೋನು ಮಾಡಿದ್ದ. ಅಪ್ಪ ತೆಗೆದುಕೊಂಡಿರಲಿಲ್ಲ. ನಂಬರು ನನ್ನ ಹತ್ತಿರ ಉಳಿದಿತ್ತು.

"ಕಾಕಾ, ನಾನು. ಮದ್ರಾಸಿನಾಕಿ."

"ಹೋದ್ನಾ?"

"ಹೂಂ. ಮುಂಜಾನೆ."

ಅವನ ಹಿಂದೆ ಎಲ್ಲೋ ಟ್ರ್ಯಾಕ್ಟರಿನ ಸದ್ದು ಬರುತ್ತಿತ್ತು. ನಾನೇ ಕೇಳಿದೆ.

"ಬರತೀಯೇನು? ಬರೂದಾದ್ರ ನಾಳೆತನಾ ಇಡತೀವಿ."

"ಹ್ಯಾಂಗ ಬರಲಿ ಬೇ? ಗಾದಿಗೆ ಕುಂತಾಂವ ನಾನು. ನಮ್ಮವ್ವ ಹೋದಾಗ ಮ್ಯಾಲಿನ ಖೋಲ್ಯಾಗ ಕುಂತಿದ್ದೆ. ಕೆಳಗ ಎತ್ತಿದ್ದು ಕೇಳಿಸ್ತು, ಅಷ್ಟ. ಅಣ್ಣಂದೂ ಹಂಗ." ಅವನ ದನಿ ಒಡೆಯಿತು. ಅದನ್ನು ಸರಿಮಾಡಿಕೊಂಡ. ಅರವತ್ತು ವರ್ಷದ ಅಭ್ಯಾಸ.

ಆಗ ನನಗೆ ಹೊಳೆಯಿತು.

"ಹಂಗಾರ ಗಾದಿ ಮ್ಯಾಲ ನೀ ಇದ್ದಿ."

"ಇದ್ದೇನಿ."

"ಅದು ಖಾಲಿ ಇಲ್ಲ."

ಅವನಿಗೂ ತಿಳಿಯಿತು. "ನಿಮ್ಮಪ್ಪ ಒಪ್ಪತಿದ್ನಾ?"

"ಇಲ್ಲ."

"ನೀ?"

"ನಾ ಒಪ್ಪತೀನಿ."

"ವಿಚಾರ ಮಾಡಿ ಹೇಳವ್ವ. ಅಂವಾ ಜನ್ಮಪೂರ್ತಿ ಇದನ್ನ ಬಿಟ್ಟುಕೊಟ್ಟಾಂವ ಅಲ್ಲ. ನಾಳೆ ನೀ ಅಳಬಾರದು."

"ಇವತ್ತ ಅಳಬೇಕಾಗೇತಿ, ಕಾಕಾ. ಮೂರಕ್ಕ ಗುಣಿ ಐತಿ."

ಫೋನಿಟ್ಟು ಹಾಲ್‌ಗೆ ಬಂದೆ. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಹಣೆಯಲ್ಲಿ ವಿಭೂತಿ ದಪ್ಪವಾಗಿತ್ತು. ಅಯ್ಯನವರಿಗೆ ಹೇಳಿದೆ. "ಗಾದಿಗೆ ಕಾಕಾ ಕುಂತಾನ, ಊರಾಗ. ಇಲ್ಲಿ ಯಾರೂ ಕುಂದರೂದು ಬ್ಯಾಡ."

ಅಯ್ಯನವರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾರ ಇವರು?"

"ಇವರು ಗಿಂಡ್ಯಾಗ ಟೈಮ್ ಆಫೀಸಿನ್ಯಾಗ ಇದ್ರು."

ಇದನ್ನು ಅಪ್ಪನ ಎದುರಿಗೆ ಹೇಳಿದೆ. ನಮ್ಮಿಬ್ಬರ ನಡುವೆ ಎರಡು ಮಾರು ದೂರವೂ ಇರಲಿಲ್ಲ. ಅವನು ಜೀವಂತ ಇದ್ದಾಗ ಯಾರಾದರೂ ಇಂಥ ಮಾತು ಆಡಿದ್ದರೆ ಎದ್ದು ಒಳಗೆ ಹೋಗುತ್ತಿದ್ದ. ಈಗ ಎದ್ದು ಹೋಗಲಿಲ್ಲ. ಸರಕಾರ ಹಳ್ಳಿಗಳನ್ನು ತೆಗೆದುಕೊಂಡಿತು, ಹಿರಿಯರು ಹಾಸಿಗೆ ತೆಗೆದುಕೊಂಡರು, ಉಳಿದದ್ದನ್ನು ನಾನು ಕೊಟ್ಟೆ. ಸರಿಯೋ ತಪ್ಪೋ ಎಂದು ಅಯ್ಯನವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಅವರು ತಪ್ಪು ಅಂದಿದ್ದರೂ ನಾನು ವ್ಯಾನು ಹತ್ತುತ್ತಿದ್ದೆ.

ವ್ಯಾನಿನಲ್ಲಿ ಅಪ್ಪನ ಪಕ್ಕ ಕೂತೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅಪ್ಪ ಮುಂದೆ ವಾಲುತ್ತಿದ್ದ, ನಾನು ಎದೆಗೆ ಕೈಕೊಟ್ಟು ಹಿಂದಕ್ಕೆ ಮಾಡುತ್ತಿದ್ದೆ. ಕಾರ್ಪೊರೇಷನ್ನಿನ ಸ್ಮಶಾನದಲ್ಲಿ ನಮ್ಮ ಜನಕ್ಕೆ ಒಂದು ಮೂಲೆ ಇದೆ. ಗುಣಿ ತೋಡುವವನು ಉದ್ದಕ್ಕೆ ತೋಡಿರಲಿಲ್ಲ, ಸರಿಯಾಗಿ ತೋಡಿದ್ದ. ಮುಖ ಯಾವ ಕಡೆಗೆ ಎಂದು ಮಾತ್ರ ಕೇಳಿದ. ಇಬ್ಬರು ಒಳಗಿಳಿದು ಅಪ್ಪನನ್ನು ಕೂರಿಸಿದರು. ಬಿಲ್ವಪತ್ರೆ, ವಿಭೂತಿ ಹಾಕಿದರು. ಅಯ್ಯನವರು ಮಂತ್ರ ಹೇಳುತ್ತ ಅಪ್ಪನ ಹೆಸರು ಹೇಳಿದರು. ಅದರ ಹಿಂದೆ ಮುಂದೆ ಏನೂ ಸೇರಿಸಲಿಲ್ಲ. ನಾನು ಮೂರು ಹಿಡಿ ಮಣ್ಣು ಹಾಕಿದೆ. ಆಮೇಲೆ ಅತ್ತೆ. ಮಾಮಿಯ ಗಂಡ ಆಚೆ ಹೋಗಿ ನಿಂತ. ಗುಣಿ ತೋಡುವವನು ಸಲಿಕೆ ಊರಿ ಕಾದ. ನನ್ನದು ಮುಗಿಯಲು ಬಹಳ ಹೊತ್ತು ಹಿಡಿಯಿತು.

ಇದಾಗಿ ಏಳು ತಿಂಗಳು. ಕಾಕಾ ಈಗ ಪ್ರತಿ ಸೋಮವಾರ ಫೋನು ಮಾಡುತ್ತಾನೆ. ಗಾದಿಯ ಬಗ್ಗೆ ಮಾತಾಡುವುದಿಲ್ಲ. ಅವನು ಕೇಳುವುದು ಒಂದೇ, ಮಣ್ಣು ಹ್ಯಾಗಾಯಿತು ಎಂದು. ಬಾಯಿ ಮುಚ್ಚಿತ್ತಾ, ಮೈಮೇಲೆ ಯಾವ ಅರಿವೆ ಇತ್ತು, ಮೊದಲು ಯಾರು ಮಣ್ಣು ಹಾಕಿದರು, ಮಣ್ಣು ಕೆಂಪೋ ಕರಿಯೋ. ಮೊದಲ ಸಲ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದೆ. ಮುಂದಿನ ಸೋಮವಾರ ಮತ್ತೆ ಕೇಳಿದ. ನಾಲ್ಕನೇ ಸಲ ನನಗೆ ಸ್ವಲ್ಪ ಬೇಸರವಾಯಿತು.

"ಹೇಳೇನಲ್ಲ ಕಾಕಾ, ಎಷ್ಟು ಸಲ ಹೇಳ್ಲಿ?"

ಅವನು ಸಿಟ್ಟಾಗಲಿಲ್ಲ. "ನಮ್ಮಪ್ಪ ಹೋದಾಗ ನಿಮ್ಮಪ್ಪಗ ಒಂಬತ್ತು ವರ್ಷ" ಅಂದ. "ಅಂವನ್ನ ಗಾದಿಗೆ ಕುಂದ್ರಿಸಿದ್ರು. ನನಗ ಆರು. ನಾ ಆಳಿನ ಹೆಗಲ ಮ್ಯಾಲ ಕುಂತು ಮಣ್ಣಿಗೆ ಹೋಗಿ ಬಂದೆ. ಬಂದ ಮ್ಯಾಲ ಅಣ್ಣ ನನ್ನ ಬಾಗಿಲ ಹಿಂದ ಕರದು ಇದನ್ನೆಲ್ಲಾ ಕೇಳಿದ. ಅಪ್ಪನ್ನ ಎಲ್ಲಿ ಇಟ್ರು, ಹ್ಯಾಂಗ ಕುಂದ್ರಿಸಿದ್ರು, ಅಂತ. ನನಗ ಹೇಳಾಕ ಬರಲಿಲ್ಲ. ಅಲ್ಲೊಂದು ನಾಯಿ ಬಂದಿತ್ತು. ಬರೇ ಆ ನಾಯಿ ಸುದ್ದಿ ಹೇಳಿದೆ."

ನಾನು ಕುರ್ಚಿ ಎಳೆದುಕೊಂಡು ಕೂತೆ. ವ್ಯಾನು ಎಷ್ಟು ಗಂಟೆಗೆ ಬಂತು ಎಂಬಲ್ಲಿಂದ ಶುರು ಮಾಡಿದೆ.