ಎಡಗಡೆಯ ಹಿಂದಿನ ಚಕ್ರ

ನಮ್ಮ ಹಳೇ ಜೀಪಿನ ಚಕ್ರದ ನಟ್ಟುಗಳನ್ನು ನಾನು ಮುಟ್ಟುತ್ತಿದ್ದದ್ದು ವರ್ಷಕ್ಕೊಂದೇ ಸಲ, ಆಯುಧಪೂಜೆಯ ದಿನ. ನಟ್ಟು, ಬೋಲ್ಟಿನ ತುದಿ ಎನ್ನದೆ ದಪ್ಪಗೆ ಬೆಳ್ಳಿಬಣ್ಣ ಬಳಿದು, ಕುಂಕುಮ ಇಟ್ಟು, ದೂರ ನಿಂತು ನೋಡಿ ಬೀಗುತ್ತಿದ್ದೆ. ಪಂಕ್ಚರ್ ಆದರೆ ಶ್ರೀನಿವಾಸಪುರದ ಅಂಗಡಿಯವನಿದ್ದ. ಬಣ್ಣದ ಕೆಳಗೆ ಏನಿದೆ ಎಂದು ನಾನು ಯೋಚಿಸಿದವನೇ ಅಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಹೆಂಡತಿಗೆ ಚೊಚ್ಚಲ ಹೆರಿಗೆ. ಹೇಳಿದ್ದ ದಿನಕ್ಕೆ ಮುಂಚೆಯೇ ನೋವು ಕಾಣಿಸಿಕೊಂಡಿತು. ಅವಳನ್ನೂ ಅಮ್ಮನನ್ನೂ ಹಿಂದೆ ಕೂರಿಸಿಕೊಂಡು ರಾಯಲ್ಪಾಡಿನಿಂದ ಶ್ರೀನಿವಾಸಪುರದ ಆಸ್ಪತ್ರೆಗೆ ಹೊರಟೆ. ಅರ್ಧ ದಾರಿಯಲ್ಲಿ ಎಡಗಡೆಯ ಹಿಂದಿನ ಚಕ್ರ ಪಂಕ್ಚರ್ ಆಯಿತು. ಉರಿಬಿಸಿಲು, ಎರಡೂ ಕಡೆ ಮಾವಿನ ತೋಪು, ಒಂದು ನರಪಿಳ್ಳೆಯೂ ಇರಲಿಲ್ಲ.

ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಿದೆ. ನಟ್ಟು ಕದಲಲಿಲ್ಲ. ಬಣ್ಣ ಕಚ್ಚಿಕೊಂಡಿದೆ ಎಂದುಕೊಂಡು ಸ್ಪ್ಯಾನರಿನ ಮೇಲೆ ಹತ್ತಿ ತುಳಿದೆ. ಬೋಲ್ಟೇ ತುಂಡಾಯಿತು. ಇನ್ನೊಂದೂ ಹಾಗೇ ಹೋಯಿತು. ಉಳಿದ ಮೂರನ್ನು ಮುಟ್ಟದೆ ಸ್ಪ್ಯಾನರ್ ಕೆಳಗಿಟ್ಟೆ.

"ನೀರೊಡೆದು ಆಗ್ಲೇ ಹೊತ್ತಾಯ್ತು ಕಣೋ, ಬೇಗ ಬಿಚ್ಚೋ" ಎಂದು ಅಮ್ಮ ಕೂಗುತ್ತಿದ್ದಳು. ಅಲ್ಲಿಯವರೆಗೆ ನರಳುತ್ತಿದ್ದ ಹೆಂಡತಿ ಸುಮ್ಮನಾಗಿಬಿಟ್ಟಳು. ನನಗೆ ಭಯವಾಯಿತು. ಭಯಕ್ಕೆ ಚಕ್ರವನ್ನೇ ಒದ್ದೆ.

ಗಂಟೆಯ ಮೇಲಾದ ನಂತರ ಆಂಧ್ರದ ಕಡೆ ಹೊರಟಿದ್ದ ಲಾರಿಯೊಂದು ನಿಂತಿತು. ಡ್ರೈವರ್ ಇಳಿದು ಬಂದು ಚಾಕುವಿನಿಂದ ಬೋಲ್ಟಿನ ತುದಿ ಕೆರೆದ. ಬಣ್ಣದಡಿ ಇಂಗ್ಲಿಷಿನ ಎಲ್ ಅಕ್ಷರ ಕಾಣಿಸಿತು.

"ಇಷ್ಟೊತ್ತೂ ಬಿಗಿ ಮಾಡ್ತಾ ಇದ್ದೀಯಲ್ಲಪ್ಪಾ! ಈ ಹಳೇ ಗಾಡೀಲಿ ಎಡಗಡೆ ಚಕ್ರಕ್ಕೆ ಎಲ್ಲಾ ಉಲ್ಟಾ. ಬಲಕ್ಕೆ ತಿರುಗಿಸಿದ್ರೇನೇ ಬಿಚ್ಚೋದು. ಅದಕ್ಕೇ ಈ ಗುರುತು ಹಾಕಿರ್ತಾರೆ."

ಅವನ ಕೈಯಲ್ಲಿ ಮೂರು ನಟ್ಟೂ ಸಲೀಸಾಗಿ ಬಿಚ್ಚಿಕೊಂಡವು. ಸ್ಟೆಪ್ನಿ ಹಾಕಿ, ಚಕ್ರ ಎಲ್ಲಿ ಕಳಚೀತೋ ಎಂದು ಎತ್ತಿನಗಾಡಿಯ ಹಾಗೆ ಜೀಪು ಓಡಿಸಿದೆ.

"ಒಂದು ಗಂಟೆ ಮುಂಚೆ ಬರಬಾರ್ದಿತ್ತೇನ್ರೀ?" ಎಂದರು ಡಾಕ್ಟರಮ್ಮ. ಹೆಂಡತಿ ಉಳಿದಳು. ಮಗು ಉಳಿಯಲಿಲ್ಲ.

ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಅವಳಿಗೆ ಆಗ ಎಚ್ಚರವೇ ಇರಲಿಲ್ಲ, ಡ್ರೈವರ್ ಹೇಳಿದ್ದು ಕೇಳಿಸಿರಲಾರದು ಎಂದು ನಾನು ನಂಬಿಕೊಂಡೆ. ಹೇಡಿಗೆ ಅಷ್ಟು ಸಾಕಿತ್ತು.

ಆ ವರ್ಷ ಆಯುಧಪೂಜೆಗೆ ಮುಂಚೆಯೇ ಚಕ್ರಗಳ ಬಣ್ಣವನ್ನೆಲ್ಲ ಕೆರೆದು ತೆಗೆದೆ. ಪೂಜೆಯ ದಿನ ಅವಳೇ ಕುಂಕುಮದ ಬಟ್ಟಲು ಹಿಡಿದು ಬಂದು ಜೀಪಿನ ಎಡಗಡೆ ಕೂತಳು. ಒಂದೊಂದು ಬೋಲ್ಟಿನ ಪಕ್ಕದಲ್ಲೂ ಬೊಟ್ಟಿಟ್ಟಳು, ಅಕ್ಷರ ಮುಚ್ಚಿಹೋಗದ ಹಾಗೆ.