ಬೋರ್ಡಿನ ಮೇಲಿನ ಐದನೇ ಹೆಸರು

ವರ್ಲಿನ್ ಸ್ಟ್ಯಾಂಪರ್ ಫೆಬ್ರವರಿಯಲ್ಲಿ ತೀರಿಹೋದ. ಏಪ್ರಿಲ್‌ನಲ್ಲಿ ಕಾಲೇಜಿನಿಂದ ಫೋನು ಬಂತು.

ಆರ್ಡಿತ್ ಆಗ ಗಂಡನ ಅಂಗಿಗಳನ್ನು ಮಡಚಿ, ಚರ್ಚಿಗೆ ಕೊಡಲೆಂದು ಪೆಟ್ಟಿಗೆಗೆ ತುಂಬುತ್ತಿದ್ದಳು. ಆರಡಿ ಏಳಿಂಚಿನ ಆಳಿನ ಅಂಗಿಗಳು. ಸ್ಲೇಟ್ ಗ್ಯಾಪ್‌ನಲ್ಲಿ ಅವು ಯಾರ ಮೈಗೂ ಆಗುವಂಥವಲ್ಲ. ಗೊತ್ತಿದ್ದೂ ತುಂಬುತ್ತಿದ್ದಳು.

ಫೋನಿನಲ್ಲಿದ್ದವಳು ಟೆಸ್ಸ, ಕಾಲೇಜಿನ ಆಟದ ಆಫೀಸಿನ ಹುಡುಗಿ. "ಆರ್ಡಿತ್ ಅಮ್ಮ, ಜಿಮ್‌ನಲ್ಲಿ ಒಂದು ಬೋರ್ಡು ಹಾಕ್ತಾ ಇದೀವಿ. ನಮ್ಮಲ್ಲಿ ಬಾಸ್ಕೆಟ್‌ಬಾಲ್ ಆಡಿ, ಆಮೇಲೆ ದೊಡ್ಡ ಲೀಗಿನ ಡ್ರಾಫ್ಟಲ್ಲಿ ಯಾರ್ಯಾರನ್ನ ಆರಿಸ್ಕೊಂಡ್ರೋ ಅವರ ಹೆಸರು. ಐದು ಜನ ಇದಾರೆ."

"ನಾಲ್ಕು," ಎಂದಳು ಆರ್ಡಿತ್. ಆ ಊರಿನಲ್ಲಿ ಅದನ್ನು ಯಾರನ್ನು ಕೇಳಿದರೂ ಹೇಳುತ್ತಾರೆ.

"ನಾವೂ ಹಾಗೇ ಅಂದ್ಕೊಂಡಿದ್ವಿ. ಹಳೇ ಪೇಪರ್ ತಿರುವಿ ಹಾಕುವಾಗ ಐದನೇದು ಸಿಕ್ತು. ನಿಮ್ಮ ಯಜಮಾನ್ರದ್ದು."

"ನನ್ನ ಗಂಡ ಸ್ಕೂಲ್ ಬಸ್ಸು ಓಡಿಸ್ತಿದ್ದ ಮಗಾ. ಮೂವತ್ತೆಂಟು ವರ್ಷ. ಅವನ್ನ ಯಾವ ತಂಡಾನೂ ಕರೀಲಿಲ್ಲ. ಬೇರೆ ಯಾರೋ ಇರಬೇಕು."

"ಸ್ಲೇಟ್ ಗ್ಯಾಪ್ ಕಾಲೇಜು ಅಂತಾನೂ ಬರೆದಿದೆ ಅಮ್ಮ."

ಅವಳು ಕೈಯಲ್ಲಿದ್ದ ಅಂಗಿ ಕೆಳಗಿಟ್ಟಳು.

ವರ್ಲಿನ್ ಬೆಟ್ಟದ ಹುಡುಗ. ಕಣಿವೆಯ ತುದಿಯ ಮನೆ, ಮುಂದೆ ಹೊಳೆ. ಅಪ್ಪ ಕಲ್ಲಿದ್ದಲ ಗಣಿಯಲ್ಲಿದ್ದ. ಕೊಟ್ಟಿಗೆಯ ಗೋಡೆಗೆ ತಳ ಕಿತ್ತ ಬಕೀಟು ಹೊಡೆದು, ಅದರೊಳಗೆ ಚೆಂಡು ಹಾಕುತ್ತ ಬೆಳೆದವನು. ಕೋಚ್ ಗ್ರೋವರ್ ಪೆನಿಕ್ಸ್ ತಾವೇ ಹೊಳೆ ದಾಟಿ ಹೋಗಿ ಅವನನ್ನು ಕಾಲೇಜಿಗೆ ಕರೆತಂದರು. ಊರಲ್ಲಿ ಆ ಮನುಷ್ಯನನ್ನು ಹೆಸರು ಹಿಡಿದು ಕರೆದವರಿಲ್ಲ. ಬರೀ ಕೋಚ್. ಪಾದ್ರಿಗೂ ಅವರು ಕೋಚ್.

ಎರಡನೇ ವರ್ಷ ಗಣಿಯಲ್ಲಿ ಅಪ್ಪನ ಸೊಂಟ ಮುರಿಯಿತು. ವರ್ಲಿನ್ ಒಂದು ವರ್ಷ ಆಟ ಬಿಟ್ಟು ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದ. ಹಾಗಾಗಿ ಜೊತೆಗೆ ಸೇರಿದವರ ನಾಲ್ಕು ವರ್ಷ ಎಪ್ಪತ್ತೈದರಲ್ಲಿ ಮುಗಿದಾಗ ಅವನಿಗೆ ಇನ್ನೊಂದು ವರ್ಷದ ಆಟ ಉಳಿದಿತ್ತು. ಆ ಕೊನೆಯ ವರ್ಷವೇ ಕಾಲೇಜು ಕಪ್ಪು ಗೆದ್ದದ್ದು. ಅದೇ ವರ್ಷ, ಎಪ್ಪತ್ತಾರರ ಫೆಬ್ರವರಿಯಲ್ಲಿ, ಕಪ್ಪಿನ ಕೊನೆಯ ಆಟದಲ್ಲಿ, ಅವನ ಎಡ ಮೊಣಕಾಲು ಹೋದದ್ದು. ಒಬ್ಬನ ಮೇಲೊಬ್ಬ ಬಿದ್ದರು, ಕೆಳಗೆ ಇವನಿದ್ದ. ಸದ್ದು ಕೊನೆಯ ಸಾಲಿನವರಿಗೂ ಕೇಳಿಸಿತಂತೆ.

ಆರ್ಡಿತ್ ಆಗ ಕಾಲೇಜಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಹಿಂದಿನ ಶರತ್ಕಾಲದಲ್ಲಷ್ಟೇ ಅವರಿಬ್ಬರ ಮಾತು ಶುರುವಾಗಿತ್ತು. ಆಸ್ಪತ್ರೆಗೆ ದಿನಾ ಸಾರು ಹೊತ್ತು ಹೋದಳು. ಬೇಸಿಗೆಯಲ್ಲಿ ಮದುವೆಯಾದರು. ಮಕ್ಕಳಾಗಲಿಲ್ಲ. ನಲವತ್ತೇಳು ವರ್ಷ ಆ ಮೊಣಕಾಲಿಗೆ ಅವಳು ಎಣ್ಣೆ ತಿಕ್ಕಿದಳು.

ಪ್ರತಿ ಜೂನ್‌ನಲ್ಲಿ ಟಿವಿಯಲ್ಲಿ ಡ್ರಾಫ್ಟ್ ಬರುತ್ತಿತ್ತು. ತಂಡಗಳು ಸರದಿಯ ಪ್ರಕಾರ ಕಾಲೇಜಿನ ಆಟಗಾರರನ್ನು ಆರಿಸಿಕೊಳ್ಳುತ್ತವೆ, ಒಬ್ಬ ಮುಂದೆ ಬಂದು ಹೆಸರು ಕೂಗುತ್ತಾನೆ. ವರ್ಲಿನ್ ಮೊದಲ ಹೆಸರಿನಿಂದ ಕೊನೆಯ ಹೆಸರಿನ ತನಕ ಕಾಲು ನೀಡಿಕೊಂಡು ಕೂತು ನೋಡುತ್ತಿದ್ದ. ಆರ್ಡಿತ್ ಅಡುಗೆಮನೆಯಿಂದ ಕೂಗುತ್ತಿದ್ದಳು, "ಏನು, ನಿನ್ನ ಹೆಸರು ಕೂಗ್ತಾರಾ? ಬಾ, ಬೀನ್ಸು ಆರೋಗ್ತದೆ."

"ಕೂಗಿದ್ರೆ ಕೇಳಿಸ್ಕೊಳ್ಳೋಕೆ ಯಾರಾದ್ರೂ ಇರಬೇಕಲ್ವಾ? ಅದಕ್ಕೇ ಕೂತಿದೀನಿ."

ಅವಳು ನಗುತ್ತಿದ್ದಳು. ಅವನೂ ನಗುತ್ತಿದ್ದ. ವರ್ಷ ವರ್ಷವೂ ಅದೇ ಮಾತು.

ಮರುದಿನ ಅವಳು ಕಾಲೇಜಿಗೆ ಹೋದಳು. ಟೆಸ್ಸ ಹಳೇ ಪತ್ರಿಕೆಯ ಪ್ರತಿ ತೆಗೆದು ಮೇಜಿನ ಮೇಲಿಟ್ಟಳು. ದೂರದ ಪಟ್ಟಣದ ಪತ್ರಿಕೆ, ಸ್ಲೇಟ್ ಗ್ಯಾಪ್‌ಗೆ ಬರದಂಥದ್ದು. ಇರುವೆಯ ಸಾಲಿನಂಥ ಅಕ್ಷರ. ಆರ್ಡಿತ್ ಎಂಟನೇ ತರಗತಿಗೆ ಶಾಲೆ ಬಿಟ್ಟವಳು. ಬೆರಳಿಟ್ಟು ಓದಿದಳು. ಎಂಟನೇ ಸುತ್ತು. ವರ್ಲಿನ್ ಸ್ಟ್ಯಾಂಪರ್, ಸ್ಲೇಟ್ ಗ್ಯಾಪ್. ಮೇಲೆ ತಾರೀಖು: ಮೇ, ಸಾವಿರದೊಂಬೈನೂರ ಎಪ್ಪತ್ತೈದು.

"ಎಪ್ಪತ್ತಾರು ಇರಬೇಕು," ಎಂದಳು.

"ಇಲ್ಲ ಅಮ್ಮ, ಎಪ್ಪತ್ತೈದೇ. ಆಗ ಹಾಗಿತ್ತು. ಜೊತೆಗೆ ಸೇರಿದವರ ನಾಲ್ಕು ವರ್ಷ ಮುಗೀತು ಅಂದ್ರೆ, ಇವರಿಗೆ ಆಟ ಉಳಿದಿದ್ರೂ ತಂಡದವರು ಕರೀಬಹುದಿತ್ತು. ಹೋಗೋದು ಬಿಡೋದು ಆಟಗಾರನಿಗೆ ಬಿಟ್ಟಿದ್ದು."

ಮೇ ಎಪ್ಪತ್ತೈದು. ಮೊಣಕಾಲು ಗಟ್ಟಿಯಾಗಿದ್ದ ಕಾಲ. ಒಂಬತ್ತು ತಿಂಗಳು ಮೊದಲು.

"ಕರೆದ್ರೆ ಹೇಗೆ ತಿಳಿಸ್ತಿದ್ರು?"

"ಕಾಗದ ಬರೀತಿದ್ರು, ಶಿಬಿರಕ್ಕೆ ಬಾ ಅಂತ. ಕಾಲೇಜಿನ ವಿಳಾಸಕ್ಕೆ."

ಆರ್ಡಿತ್‌ಗೆ ಇನ್ನು ಕೇಳುವುದು ಉಳಿದಿರಲಿಲ್ಲ. ಬೆಟ್ಟದ ಮನೆಗಳಿಗೆ ಅಂಚೆಯವನು ಹೊಳೆ ದಾಟಿ ಹೋಗುತ್ತಿರಲಿಲ್ಲ. ಹುಡುಗರ ಕಾಗದಗಳೆಲ್ಲ ಕೋಚ್ ಹೆಸರಿಗೇ ಬರುತ್ತಿದ್ದವು. ಅಪ್ಪಂದಿರೇ ಹಾಗೆ ಹೇಳಿ ಕಳಿಸುತ್ತಿದ್ದರು: ಕಾಗದ ಮೊದಲು ಕೋಚ್ ನೋಡಲಿ, ಅವರು ಓದಿದವರು, ನಮಗೇನು ತಿಳಿಯುತ್ತೆ. ಜಿಮ್ಮಿನ ಬಾಗಿಲ ಪಕ್ಕ ಮರದ ಗೂಡೊಂದಿತ್ತು. ಅದರಿಂದ ಕಾಗದ ತೆಗೆಯುತ್ತಿದ್ದದ್ದು ಒಂದೇ ಕೈ.

ಟೆಸ್ಸ ಒಂದು ಹಾಳೆ ಕೊಟ್ಟಳು. ಹೆಸರು, ವರ್ಷ, ಮನೆಯವರ ಸಹಿ. "ಸೋಮವಾರ ಕೊಟ್ರೆ ಸಾಕು. ಬೋರ್ಡಿನ ಬಟ್ಟೆ ಕೋಚ್ ಪೆನಿಕ್ಸ್ ಎಳೀತಾರೆ. ಪಕ್ಕದಲ್ಲಿ ನೀವು ನಿಂತ್ಕೋಬೇಕು."

ಭಾನುವಾರ ಆರ್ಡಿತ್ ಎಂದಿನಂತೆ ಕೋಚ್ ಅವರನ್ನು ಕಾರಿನಲ್ಲಿ ಕರೆತಂದಳು. ಅವರಿಗೆ ತೊಂಬತ್ತು ವರ್ಷ. ಹೆಂಡತಿ ಸತ್ತ ತೊಂಬತ್ತೊಂದನೇ ಇಸವಿಯಿಂದ ಅವರ ಭಾನುವಾರದ ಊಟ ಈ ಮನೆಯಲ್ಲೇ. ವರ್ಲಿನ್ ಒಂದು ದಿನ ಬಸ್ಸು ಬಿಟ್ಟು ಬಂದವನು, "ಇನ್ಮೇಲೆ ಕೋಚ್‌ಗೂ ಒಂದು ತಟ್ಟೆ ಇಡು, ಒಬ್ಬರೇ ಇದಾರೆ" ಅಂದಿದ್ದ. ಅವಳು ನೀಲಿ ಅಂಚಿನ ತಟ್ಟೆಯನ್ನು ಅವರಿಗೆಂದೇ ಎತ್ತಿಟ್ಟಳು. ಗಂಡನ ಮನಸ್ಸು ದೊಡ್ಡದು ಅಂದುಕೊಂಡಳು.

ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು, ಹುರಿದ ಸೇಬು. ಕೋಚ್ ಬ್ರೆಡ್ಡನ್ನು ಸಾರಿಗೆ ಮುರಿದು ಹಾಕಿದರು.

"ಉಪ್ಪು ಕಮ್ಮಿ ಆಗಿದೆ ತಾಯಿ."

"ಎಪ್ಪತ್ತೈದರ ಮೇ ತಿಂಗಳಲ್ಲಿ ವರ್ಲಿನ್‌ಗೆ ಒಂದು ಕಾಗದ ಬಂದಿತ್ತು," ಎಂದಳು ಆರ್ಡಿತ್.

ಚಮಚ ಅಲ್ಲೇ ನಿಂತಿತು.

"ಕೋಚ್, ಕೇಳ್ತಾ ಇದೀನಿ."

"ಹಳೇ ಮಾತು ಅದು. ಎಂಟನೇ ಸುತ್ತು ಆರ್ಡಿತ್. ಎಂಟನೇ ಸುತ್ತಿನೋರು ಹತ್ತು ದಿನ ಶಿಬಿರದಲ್ಲಿ ಓಡಿ ಮನೆಗೆ ಬರ್ತಿದ್ರು. ಯಾರನ್ನೂ ಇಟ್ಕೋತಿರಲಿಲ್ಲ."

"ಹತ್ತು ದಿನ ಓಡಿ ಬರ್ತಿದ್ದ. ಎರಡು ಕಾಲಲ್ಲಿ ಓಡಿ ಬರ್ತಿದ್ದ."

ಕೋಚ್ ಮುಖ ಒರೆಸಿಕೊಂಡರು. "ಅವನು ಹೋಗಿದ್ರೆ ಆ ವರ್ಷದ ತಂಡ ಇರ್ತಿರಲಿಲ್ಲ. ಆ ಕಪ್ಪು ಬರ್ತಿರಲಿಲ್ಲ. ಕಪ್ಪು ಬಂದದ್ದಕ್ಕೇ ಹೊಸ ಜಿಮ್ ಕಟ್ಟಿದ್ರು. ಎಷ್ಟು ಹುಡುಗರು ಅಲ್ಲಿ ಆಡಿ ದೊಡ್ಡವರಾದ್ರು, ನೀನೇ ನೋಡಿದೀಯ. ನಾನು ಕೇಳಿದ್ದು ಒಂದು ವರ್ಷ."

"ನೀವು ಕೇಳಲಿಲ್ಲ. ಕಾಗದ ಗೂಡಿಂದ ತೆಗೆದು ಇಟ್ಕೊಂಡ್ರಿ."

"ಹೌದು, ಡ್ರಾಯರಿನಲ್ಲಿ ಇಟ್ಟೆ," ಎಂದರು ಕೋಚ್. "ಅವನಿಗೆ ಹೇಳಿದೀನಿ."

"ಯಾರಿಗೆ?"

"ವರ್ಲಿನ್‌ಗೆ. ನಮ್ಮವಳನ್ನ ಮಣ್ಣು ಮಾಡಿ ಬಂದ ವಾರ. ಬಸ್ಸಿನಲ್ಲಿ ನಾನು ಅವನು ಇಬ್ಬರೇ. ಕಾಗದ ಕೈಗೆ ಕೊಟ್ಟೆ. ಬಸ್ಸು ಪಕ್ಕಕ್ಕೆ ಹಾಕಿ ಓದಿದ. ಎರಡು ಸಲ ಓದಿದ. ಮಡಚಿ ನನಗೇ ವಾಪಸ್ ಕೊಟ್ಟ."

ಆರ್ಡಿತ್ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಏನಂದ?"

"'ಆರ್ಡಿತ್‌ಗೆ ಹೇಳಬೇಡಿ ಕೋಚ್, ಹೇಳಿದ್ರೆ ನಿಮಗೆ ಊಟ ಹಾಕೋದಿಲ್ಲ' ಅಂದ. ನಗ್ತಾನೇ ಅಂದ. ಭಾನುವಾರ ಮನೆಗೆ ಬನ್ನಿ ಅಂದ. ಆ ವರ್ಷ ಹೋಗಿದ್ರೆ ನೀನು ಅವನಿಗೆ ಸಿಗ್ತಿರಲಿಲ್ಲವಂತೆ. ಹಾಗೂ ಅಂದ."

ತೊಂಬತ್ತೊಂದು. ಅಲ್ಲಿಂದ ಈಚೆಗೆ ಮೂವತ್ತೆರಡು ಜೂನ್. ಏನು, ನಿನ್ನ ಹೆಸರು ಕೂಗ್ತಾರಾ? ಒಂದೊಂದು ಜೂನ್‌ನಲ್ಲೂ ಅವಳು ಕೇಳಿದ್ದಳು. ಹೆಸರು ಕೂಗಿದ್ದು ಗೊತ್ತಿದ್ದೇ ಅವನು ಕೂತಿದ್ದ, ಕಾಲು ನೀಡಿಕೊಂಡು. ಕೇಳಿಸಿಕೊಳ್ಳಲು ಯಾರಾದರೂ ಇರಬೇಕು ಎಂದಿದ್ದ. ಇವಳು ನಕ್ಕಿದ್ದಳು. ಆಮೇಲೆ ಅದೇ ಮೊಣಕಾಲಿಗೆ ಎಣ್ಣೆ ಹಚ್ಚಿದ್ದಳು.

ಟೆಸ್ಸ ಕೊಟ್ಟ ಹಾಳೆಯನ್ನು ಕೋಚ್ ನೋಡಿದ್ದರು. ಅದು ಸಕ್ಕರೆ ಡಬ್ಬಿಯ ಕೆಳಗಿತ್ತು. "ವರ್ಷ ಮಾತ್ರ ಎಪ್ಪತ್ತಾರು ಅಂತ ಬರೆದುಬಿಡು ತಾಯಿ. ಆಟ ಮುಗಿದ ಮೇಲೆ ಕರೆದ್ರು ಅಂತಾಗುತ್ತೆ. ಕಾಲು ಹೋಗಿತ್ತು, ಹೋಗಲಿಲ್ಲ ಅಂತ ಜನ ತಿಳ್ಕೋತಾರೆ. ಅವನ ಹೆಸರು ಹೇಗೂ ಇರುತ್ತಲ್ಲ. ಒಂದು ಅಂಕಿ. ಮನೆಯವರು ಬರೆದದ್ದನ್ನೇ ಅವರು ಹಾಕೋದು. ಯಾರಿಗೇನು ನಷ್ಟ? ನಾನಿನ್ನು ಎಷ್ಟು ದಿನ ಇರ್ತೀನಿ?"

"ಊಟ ಮುಗಿಸು ಗ್ರೋವರ್. ಮನೆಗೆ ಬಿಟ್ಟು ಬರ್ತೀನಿ."

ಅವನು ತಲೆ ಎತ್ತಿದ. ಅವನನ್ನು ಹಾಗೆ ಕರೆಯುತ್ತಿದ್ದವಳು ಅವನ ಹೆಂಡತಿ ಒಬ್ಬಳೇ. ಚಮಚವನ್ನು ಮತ್ತೆ ಮುಟ್ಟಲಿಲ್ಲ.

ಆ ಸಂಜೆ ಆರ್ಡಿತ್ ಪೆಟ್ಟಿಗೆಯಿಂದ ಅಂಗಿಗಳನ್ನೆಲ್ಲ ಹೊರಗೆ ತೆಗೆದಳು. ಒಂದೊಂದರ ಜೇಬಿನಲ್ಲೂ ಕೈ ಹಾಕಿ ನೋಡಿದಳು. ಇನ್ನೂ ಏನೇನು ಹೇಳದೆ ಹೋಗಿದ್ದಾನೋ ಅನ್ನಿಸಿತ್ತು. ಬಸ್ಸಿನ ಕೀಲಿಯ ಉಂಗುರ, ಪುದೀನ ಪೆಪ್ಪರಮಿಂಟು, ಒಂದು ಗುಂಡಿ. ಅಷ್ಟೇ. ಅತ್ತಳೋ ಇಲ್ಲವೋ, ಅದನ್ನು ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ.

ಅವಳಿಗೆ ಕೋಚ್‌ನ ಮೇಲಿನ ಸಿಟ್ಟು ಸುಲಭದ್ದು. ಅವನು ಕಪ್ಪಿನ ಆಸೆಗೆ ಹುಡುಗನೊಬ್ಬನ ಕಾಗದ ಮುಚ್ಚಿಟ್ಟ, ಅಷ್ಟೇ. ವರ್ಲಿನ್‌ದು ಹಾಗಲ್ಲ. ಕ್ಷಮಿಸುವುದು ಅವನ ಪಾಲಿಗೆ ಬಿಟ್ಟದ್ದು, ಕ್ಷಮಿಸಿದ. ಆದರೆ ಅವಳ ಕೈಯಿಂದ ಊಟ ಹಾಕಿಸಿ ಕ್ಷಮಿಸಿದ. ಅವಳನ್ನು ಒಂದು ಮಾತು ಕೇಳಲಿಲ್ಲ. ಒಬ್ಬ ಡ್ರಾಯರಿನಲ್ಲಿ ಇಟ್ಟುಕೊಂಡದ್ದನ್ನು ಇನ್ನೊಬ್ಬ ಎದೆಯಲ್ಲಿ ಇಟ್ಟುಕೊಂಡ. ನಡುವೆ ಅವಳು ಮೂವತ್ತು ವರ್ಷ ಬೀನ್ಸು ನೆನೆಹಾಕಿದಳು.

ಸೋಮವಾರ ಟೆಸ್ಸಳ ಮೇಜಿನ ಮೇಲೆ ಹಾಳೆ ಇಟ್ಟಳು. ಎಪ್ಪತ್ತೈದು ಎಂದು ದಪ್ಪಗೆ ಬರೆದಿದ್ದಳು. ಸಹಿ ಸೊಟ್ಟಗಿತ್ತು.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಜಿಮ್ ತುಂಬಿತ್ತು. ಕೋಚ್‌ಗೆ ಮುಂದೆ ಕುರ್ಚಿ ಹಾಕಿದ್ದರು. ಆರ್ಡಿತ್ ಪಕ್ಕದಲ್ಲಿ ನಿಲ್ಲಲಿಲ್ಲ. ಮೂರನೇ ಸಾಲಿನ ಬೆಂಚಿನಲ್ಲಿ, ಚರ್ಚಿನ ಹೆಂಗಸರ ನಡುವೆ ಕೂತಳು. ಟೆಸ್ಸ ಬಂದು ಕರೆದಳು. "ಇಲ್ಲೇ ಕಾಣುತ್ತೆ ಮಗಾ," ಎಂದಳು.

ಬಟ್ಟೆ ಜಾರಿತು. ಕಪ್ಪು ಮರದ ಮೇಲೆ ಹಿತ್ತಾಳೆಯ ಐದು ಹೆಸರು, ಎದುರಿಗೆ ವರ್ಷ. ಚಪ್ಪಾಳೆ ಶುರುವಾಯಿತು. ಜನರ ಕಣ್ಣು ಐದನೇ ಹೆಸರಿಗೆ ಬಂದಾಗ ಚಪ್ಪಾಳೆ ಜೋರಾಯಿತು, ಆಮೇಲೆ ಅಲ್ಲಲ್ಲಿ ನಿಂತಿತು. ಸ್ಲೇಟ್ ಗ್ಯಾಪ್‌ನಲ್ಲಿ ಹೆಂಡತಿ ಹುಟ್ಟಿದ ದಿನ ಮರೆತವರುಂಟು. ಯಾರು ಯಾವ ವರ್ಷ ಆಡಿದರು ಎಂಬುದನ್ನು ಮರೆತವರಿಲ್ಲ.

ಹಿಂದಿನ ಸಾಲಿನಲ್ಲಿ ಪೆಟ್ರೋಲ್ ಬಂಕಿನ ಹರ್ಶೆಲ್ ಪಕ್ಕದವನಿಗೆ ಹೇಳುವುದು ಕೇಳಿಸಿತು. "ಎಪ್ಪತ್ತೈದಾ? ಅವನು ಎಪ್ಪತ್ತಾರರಲ್ಲಿ ಇಲ್ಲೇ ಆಡಿದನಲ್ಲೋ. ಕಪ್ಪು ಗೆದ್ದದ್ದು ಅವನೇ."

"ತಪ್ಪು ಬರೆದಿರಬೇಕು."

"ಹಿತ್ತಾಳೆಯಲ್ಲಿ ತಪ್ಪು ಬರೀತಾರಾ?" ಎಂದ ಹರ್ಶೆಲ್. "ಕರೆದ್ರೆ ಯಾಕೆ ಹೋಗಲಿಲ್ಲ ಮತ್ತೆ? ಆಗ ಕಾಲು ನೆಟ್ಟಗಿತ್ತಲ್ಲ."

"ಹೇಳಿದವರು ಯಾರು ಅವನಿಗೆ? ನಮ್ಮ ಕಾಗದ ಎಲ್ಲಾ ಎಲ್ಲಿಗೆ ಬರ್ತಿದ್ವು, ಮರೆತೆಯಾ?"

ಹತ್ತಾರು ಹಳೇ ತಲೆಗಳು ಬೋರ್ಡು ಬಿಟ್ಟು ಮುಂದಿನ ಕುರ್ಚಿಯ ಕಡೆ ತಿರುಗಿದವು. ಕೋಚ್ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. ಮಾತಾಡಲು ಮೈಕು ಕೊಟ್ಟರು. ಬೇಡವೆಂದು ಕೈಯಾಡಿಸಿದ. ಕೇಕು ಕೊಡುವಾಗ ಅವನ ಹತ್ತಿರ ಯಾರೂ ಹೋಗಲಿಲ್ಲ. ಕಡೆಗೆ ಟೆಸ್ಸಳೇ ಒಂದು ತುಂಡು ತೆಗೆದುಕೊಂಡು ಹೋಗಿ ಕೊಟ್ಟಳು. ಏನಾಯಿತೆಂದು ಆ ಹುಡುಗಿಗೆ ಗೊತ್ತಾಗಲಿಲ್ಲ.

ಆರ್ಡಿತ್ ಹೊರಡುವಾಗ ಬೋರ್ಡಿನ ಹತ್ತಿರ ಹೋಗಿ ಐದನೇ ಹೆಸರನ್ನು ಬೆರಳಿನಿಂದ ಒಂದು ಸಲ ಮುಟ್ಟಿದಳು. ಕೋಚ್‌ನ ಕುರ್ಚಿಯ ಪಕ್ಕದಿಂದಲೇ ಹೋಗಬೇಕಿತ್ತು. ಹೋದಳು.

ಮರುದಿನ ಭಾನುವಾರ. ಕಾರು ತೆಗೆದಳು. ಪಕ್ಕದ ಸೀಟಿನಲ್ಲಿ ಪತ್ರಿಕೆಯಲ್ಲಿ ಸುತ್ತಿದ ನೀಲಿ ಅಂಚಿನ ತಟ್ಟೆ ಇತ್ತು. ಕೋಚ್‌ನ ಮನೆಯ ಜಗಲಿಯ ಮೇಲೆ, ಅವನು ಬಂದು ಕೂರುವ ಕುರ್ಚಿಯಲ್ಲಿ ಅದನ್ನಿಟ್ಟಳು.

"ಯಾರು, ಆರ್ಡಿತ್ತಾ?" ಎಂದ ಒಳಗಿನಿಂದ. "ಬಂದೆ ತಾಯಿ, ಟೋಪಿ ಹಾಕ್ಕೊಂಡು ಬಂದೆ."

ಅವಳು ಕಾರು ಹತ್ತಿದಳು.

ಮನೆಯಲ್ಲಿ ಬೀನ್ಸು ಮೂವರಿಗಾಗುವಷ್ಟು ಬೆಂದಿತ್ತು. ಕೈಗೆ ಆ ಅಳತೆಯೇ ಗೊತ್ತು. ಒಬ್ಬಳೇ ಬಡಿಸಿಕೊಂಡು ಕೂತು, ಎದುರಿನ ಖಾಲಿ ಕುರ್ಚಿಗೆ ಹೇಳಿದಳು, "ನೀನು ಅಂದದ್ದು ಸರಿ. ಹೇಳಿದ್ದಿದ್ರೆ ಹಾಕ್ತಿರಲಿಲ್ಲ. ಆದ್ರೂ ಹೇಳಬೇಕಿತ್ತು ವರ್ಲಿನ್."

ಸಾರಿಗೆ ಉಪ್ಪು ಹಾಕಿಕೊಂಡಳು. ಜೂನ್ ಬರಲು ಇನ್ನೂ ಎರಡು ವಾರವಿತ್ತು. ತಂತಿ ಕಿತ್ತು, ಟಿವಿಯನ್ನು ಅಂಗಿಗಳ ಪೆಟ್ಟಿಗೆಯ ಪಕ್ಕಕ್ಕೆ, ಚರ್ಚಿಗೆ ಕೊಡುವ ಸಾಮಾನಿನ ಜೊತೆ ಇಟ್ಟಳು.